ತಮಗಿಲ್ಲದ ಮತಕ್ಕಾಗಿ ಮನೆಮನೆ ತಿರುಗಿದವರು

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ 1961ರಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕೆನ್ನುವವರು ಇಪ್ಪತ್ತೊಂದು ಪ್ರಶ್ನೆಗಳ ಒಂದು ಅರ್ಜಿ ತುಂಬಬೇಕಿತ್ತು. ಹೆಸರು, ವಿಳಾಸ, ಕಸುಬು ಇತ್ಯಾದಿ ಮುಗಿದ ಮೇಲೆ ನಿಜವಾದ ಪರೀಕ್ಷೆ ಶುರು. ಕೌಂಟಿ ಕಚೇರಿಯ ನೋಂದಣಿ ಅಧಿಕಾರಿ ರಾಜ್ಯ ಸಂವಿಧಾನದ 285 ವಿಧಿಗಳಲ್ಲಿ ತನಗೆ ತೋಚಿದ ಒಂದನ್ನು ತೋರಿಸುತ್ತಿದ್ದ. ಅರ್ಜಿದಾರರು ಅದನ್ನು ಅಕ್ಷರ ತಪ್ಪದಂತೆ ನಕಲು ಮಾಡಬೇಕು. ಆಮೇಲೆ ಅದರ ಅರ್ಥವನ್ನು ತಮ್ಮ ಮಾತಿನಲ್ಲಿ ಬರೆಯಬೇಕು. ಅದಾದ ಮೇಲೆ ಪ್ರಜೆಯ ಕರ್ತವ್ಯಗಳೇನು ಎಂದು ಇನ್ನೊಂದು ಟಿಪ್ಪಣಿ ಬೇರೆ. ಉತ್ತರ ಸರಿಯೋ ತಪ್ಪೋ ಎಂದು ಹೇಳುವವನು ಅದೇ ಅಧಿಕಾರಿ. ಬಿಳಿಯನೊಬ್ಬನಿಗೆ ಒಂದೇ ಸಾಲಿನ ವಿಧಿ ಕೊಟ್ಟು, ಕಾಲೇಜು ಓದಿದ ಕಪ್ಪು ಮಾಸ್ತರರಿಗೆ ವಕೀಲರೂ ತಡಕಾಡುವಂಥ ವಿಧಿ ಕೊಡುವುದಕ್ಕೆ ಅವನಿಗೆ ಯಾರ ಅಡ್ಡಿಯೂ ಇರಲಿಲ್ಲ. ಇದೆಲ್ಲ ದಾಟಿದವರು ಮತ ಹಾಕಬೇಕೆಂದರೆ ವರ್ಷಕ್ಕೆ ಎರಡು ಡಾಲರ್ ತಲೆಗಂದಾಯವನ್ನೂ ಕಟ್ಟಿರಬೇಕು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ, ಅದೇ ರಾಜ್ಯದ ದಕ್ಷಿಣ ತುದಿಯ ಮೆಕೋಮ್ ಎಂಬ ರೈಲ್ವೆ ಊರಿನಲ್ಲಿ, ಕೆಲವು ಹೈಸ್ಕೂಲು ಮಕ್ಕಳು ಈ ಅರ್ಜಿಯ ಪ್ರತಿ ಹಿಡಿದು ಮನೆಮನೆಗೆ ಹೋಗತೊಡಗಿದರು. ಜಗಲಿಯ ಮೇಲೆ ಕೂತ ಹಿರಿಯರಿಗೆ ಒಂದೊಂದೇ ಪ್ರಶ್ನೆ ಓದಿ ಹೇಳುವುದು, ಸಂಜೆಯ ತರಗತಿಗೆ ಬನ್ನಿ ಎಂದು ಕರೆಯುವುದು ಅವರ ಕೆಲಸ. ಆ ಮಕ್ಕಳಲ್ಲಿ ಒಬ್ಬರಿಗೂ ಮತವಿರಲಿಲ್ಲ, ಸದ್ಯಕ್ಕೆ ಬರುವಂತೆಯೂ ಇರಲಿಲ್ಲ. ಮಿಸಿಸಿಪ್ಪಿಯಲ್ಲಿ ಮತದಾನದ ವಯಸ್ಸು ಇಪ್ಪತ್ತೊಂದು.

ಇದನ್ನು ಬರೆಯಲು ಒಂದು ಕಾರಣವಿದೆ. ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. 2011ರಿಂದ ಜನವರಿ 25 ನಮಗೆ ರಾಷ್ಟ್ರೀಯ ಮತದಾರರ ದಿನ. ಅಂದು ಪ್ರಮಾಣವಚನ ಇರುತ್ತದೆ, ರಂಗೋಲಿ ಸ್ಪರ್ಧೆ ಇರುತ್ತದೆ, ಜಾಥಾ ಇರುತ್ತದೆ, ಫೋಟೋ ತಪ್ಪುವುದೇ ಇಲ್ಲ. ಹದಿನೆಂಟು ತುಂಬಿದವರ ಕೈಗೆ ಗುರುತಿನ ಚೀಟಿ ಸಿಗುತ್ತದೆ. ಇವು ಯಾವುದೂ ಕೆಟ್ಟದ್ದಲ್ಲ. ಆದರೆ ಒಮ್ಮೆ ಒಬ್ಬ ವಿದ್ಯಾರ್ಥಿನಿ, ಘೋಷಣೆ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದವಳು, ಕೇಳಿದಳು: ‘ಸರ್, ಈ ಘೋಷಣೆ ಬರೆದವರು ಯಾರು?’ ಇಲಾಖೆಯಿಂದ ಬಂದದ್ದು ಎಂದೆ. ಅವಳು ನಕ್ಕಳು. ಯುವಜನರ ಪಾಲ್ಗೊಳ್ಳುವಿಕೆ ಎಂಬ ಮಾತು ಬಂದಾಗೆಲ್ಲ ನನಗೆ ಆ ನಗು ನೆನಪಾಗುತ್ತದೆ. ಜೊತೆಗೆ ಮೆಕೋಮ್ ಕೂಡ. ಅಲ್ಲಿನ ಮಕ್ಕಳು ಮಾಡಿದ್ದು ಬರೀ ಸಾಹಸವಾಗಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಅವರ ಹಿಂದೆ ನಿಂತ ಹಿರಿಯರು ಎಲ್ಲಿ ನಿಂತರು, ಎಲ್ಲಿ ಸರಿದರು, ಅದರ ಬೆಲೆ ಯಾರು ತೆತ್ತರು ಎಂಬುದೇ ಆ ಕತೆಯ ತಿರುಳು.

ಮೆಕೋಮ್‌ಗೆ ಹೋಗುವ ಮುಂಚೆ ಒಂದೂವರೆ ವರ್ಷ ಹಿಂದಕ್ಕೆ ಹೋಗಬೇಕು. 1960ರ ಫೆಬ್ರವರಿ 1ರಂದು ಉತ್ತರ ಕೆರೊಲಿನಾದ ಗ್ರೀನ್ಸ್‌ಬರೊ ಪಟ್ಟಣದಲ್ಲಿ ನಾಲ್ವರು ಕಪ್ಪು ಕಾಲೇಜು ಹುಡುಗರು ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯ ಮುಂದೆ ಕೂತು ಕಾಫಿ ಕೇಳಿದರು. ಅದು ಬಿಳಿಯರಿಗಷ್ಟೇ ಮೀಸಲಾದ ಜಾಗ. ಕಾಫಿ ಸಿಗಲಿಲ್ಲ, ಅವರು ಏಳಲೂ ಇಲ್ಲ. ಅಂಗಡಿ ಮುಚ್ಚುವವರೆಗೆ ಕೂತಿದ್ದು, ಮರುದಿನ ಇನ್ನಷ್ಟು ಗೆಳೆಯರೊಂದಿಗೆ ಬಂದರು. ಕೆಲವೇ ವಾರಗಳಲ್ಲಿ ದಕ್ಷಿಣದ ರಾಜ್ಯಗಳ ಹತ್ತಾರು ಊರುಗಳಲ್ಲಿ ವಿದ್ಯಾರ್ಥಿಗಳು ಹೀಗೆ ಕೂತಿದ್ದರು. ನಾವು ಧರಣಿ ಎನ್ನುವುದು ಇದನ್ನೇ. ಹೋಲಿಕೆ ಬರೀ ಮೇಲ್ನೋಟದ್ದಲ್ಲ. ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳಿಗೆ ಪೆಟ್ಟು ತಿಂದೂ ತಿರುಗಿ ಹೊಡೆಯದಿರುವುದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿಸಿದ್ದ ಜೇಮ್ಸ್ ಲಾಸನ್, ಐವತ್ತರ ದಶಕದಲ್ಲಿ ಸುಮಾರು ಮೂರು ವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದವರು. ಗಾಂಧಿಯ ದಾರಿಯನ್ನು ಇಲ್ಲೇ ಹತ್ತಿರದಿಂದ ತಿಳಿದುಕೊಂಡವರು. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರದ ಸುದ್ದಿಯನ್ನು ಅವರು ಮೊದಲು ಓದಿದ್ದು ನಾಗಪುರದ ಪತ್ರಿಕೆಯಲ್ಲಿ.

ಈ ವಿದ್ಯಾರ್ಥಿಗಳನ್ನೆಲ್ಲ ಒಂದೆಡೆ ಸೇರಿಸಬೇಕು ಎಂದು ಯೋಚಿಸಿದವರು ಎಲಾ ಬೇಕರ್. ಆಗ ಅವರಿಗೆ 56 ವರ್ಷ. ಮಾರ್ಟಿನ್ ಲೂಥರ್ ಕಿಂಗ್ ಮುಂದಾಳಾಗಿದ್ದ ಪಾದ್ರಿಗಳ ಸಂಘಟನೆಯಲ್ಲಿ ಕಚೇರಿಯ ಹೊಣೆ ಹೊತ್ತಿದ್ದರು. ಸಂಘಟನೆಯಿಂದ 800 ಡಾಲರ್ ಪಡೆದು, ತಾವು ಓದಿದ ರಾಲಿಯ ಶಾ ವಿಶ್ವವಿದ್ಯಾಲಯದಲ್ಲಿ 1960ರ ಏಪ್ರಿಲ್ 15ರಿಂದ 17ರವರೆಗೆ, ಈಸ್ಟರ್ ರಜೆಯಲ್ಲಿ, ವಿದ್ಯಾರ್ಥಿಗಳ ಸಮ್ಮೇಳನ ಕರೆದರು. ದೇಶವೇ ತಿರುಗಿ ನೋಡುತ್ತಿದ್ದ ಹುಡುಗ ಹುಡುಗಿಯರು ಬಂದು ಸೇರಿದರು. ಹಿರಿಯ ಸಂಘಟನೆಗಳಿಗೆ ಅವರ ಮೇಲೆ ಆಸೆ ಹುಟ್ಟಿದ್ದು ಸಹಜ. ನಮ್ಮ ಯುವಘಟಕ ಆಗಿಬಿಡಿ ಎಂಬ ಆಲೋಚನೆ ಪಾದ್ರಿಗಳಲ್ಲಿತ್ತು. ಯಾರು ಯಾವ ಊರಿನ ವಿದ್ಯಾರ್ಥಿಗಳನ್ನು ಒಲಿಸಬಲ್ಲರು ಎಂಬ ಲೆಕ್ಕಾಚಾರ ನಡೆದ ಒಳಸಭೆಯಿಂದ ಬೇಕರ್ ಎದ್ದು ಹೊರಬಂದರು. ಸಂಬಳ ಕೊಡುತ್ತಿದ್ದ ಸಂಘಟನೆಯ ವಿರುದ್ಧವೇ ನಿಂತು, ಇವರು ಯಾರ ಬಾಲವೂ ಆಗಬೇಕಿಲ್ಲ, ಏನಾಗಬೇಕೆಂದು ಅವರೇ ನಿರ್ಧರಿಸಲಿ ಎಂದರು.

ಪಕ್ಷಗಳ ಯುವಘಟಕಗಳನ್ನು, ಅವುಗಳ ಫ್ಲೆಕ್ಸುಗಳಲ್ಲಿ ಹಿರಿಯ ನಾಯಕರ ಮುಖದ ಕೆಳಗೆ ಬೊಟ್ಟಿನಷ್ಟು ಗಾತ್ರದಲ್ಲಿ ಕಾಣುವ ಯುವಮುಖಗಳನ್ನು ನೋಡಿದವರಿಗೆ ಬೇಕರ್ ಮಾಡಿದ್ದು ಎಷ್ಟು ಅಪರೂಪದ ಕೆಲಸ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗೆ ಹುಟ್ಟಿದ್ದು ವಿದ್ಯಾರ್ಥಿ ಅಹಿಂಸಾ ಸಮನ್ವಯ ಸಮಿತಿ. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಅದನ್ನು ‘ಸ್ನಿಕ್’ ಎಂದು ಕರೆದರು. ಅದರ ಸಭೆಗಳು ರಾತ್ರಿಯಿಡೀ ನಡೆಯುತ್ತಿದ್ದವು. ಬೇಕರ್ ಸಿಗರೇಟಿನ ಹೊಗೆಗೆ ಮೂಗು ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಮಾತಾಡಿದರೆ ಬಹುಪಾಲು ಪ್ರಶ್ನೆ ಕೇಳುವುದಕ್ಕೆ. ಅವರ ಒಂದು ಮಾತು ಮಾತ್ರ ಆರಂಭದಿಂದಲೂ ಸ್ಪಷ್ಟವಾಗಿತ್ತು: ಇದು ಊಟದ ಕಟ್ಟೆಯಲ್ಲಿ ತಿಂಡಿ ಸಿಗುವುದಕ್ಕಿಂತ ದೊಡ್ಡ ವಿಷಯ.

ಎಷ್ಟು ದೊಡ್ಡದು ಎಂಬುದನ್ನು ವಿದ್ಯಾರ್ಥಿಗಳಿಗೆ ಹೇಳಿಕೊಟ್ಟವರು ಇನ್ನೊಬ್ಬ ಹಿರಿಯರು. ನ್ಯೂಯಾರ್ಕಿನಲ್ಲಿ ಗಣಿತದ ಮೇಷ್ಟರಾಗಿದ್ದ, ಹಾರ್ವರ್ಡಿನಲ್ಲಿ ತತ್ತ್ವಶಾಸ್ತ್ರ ಓದಿದ್ದ ಬಾಬ್ ಮೋಸೆಸ್ ಎಂಬ ಇಪ್ಪತ್ತೈದರ ತರುಣ 1960ರ ಬೇಸಿಗೆಯಲ್ಲಿ ದಕ್ಷಿಣಕ್ಕೆ ಬಂದ. ಬೇಕರ್ ತಮ್ಮ ಹಳೆಯ ಪರಿಚಯದವರ ವಿಳಾಸಗಳನ್ನು ಕೊಟ್ಟು ಅವನನ್ನು ಮಿಸಿಸಿಪ್ಪಿಗೆ ಕಳಿಸಿದರು. ಅಲ್ಲಿ ಕ್ಲೀವ್‌ಲೆಂಡ್ ಎಂಬ ಸಣ್ಣ ಊರಿನಲ್ಲಿ ಆಮ್ಜಿ ಮೂರ್ ಸಿಕ್ಕರು. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದವರು, ಅಂಚೆ ಕಚೇರಿಯ ನೌಕರ, ಹೆದ್ದಾರಿ ಬದಿಗೆ ಒಂದು ಪೆಟ್ರೋಲ್ ಬಂಕ್ ಇಟ್ಟುಕೊಂಡಿದ್ದವರು. ಅಲ್ಲಿ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಎಂಬ ಫಲಕ ಹಾಕಲು ಒಪ್ಪದೆ ಬೆದರಿಕೆ ಎದುರಿಸಿದವರು. ಅವರು ಹೇಳಿದ್ದಿಷ್ಟು: ನಮ್ಮ ಊರಿನಲ್ಲಿ ಕಾಫಿ ಕುಡಿಯಲು ಕಾಸಿರುವವರೇ ಕಡಿಮೆ, ಇಲ್ಲಿ ಕಟ್ಟೆಯ ಮುಂದೆ ಕೂತು ಏನಾಗಬೇಕು? ಜನಸಂಖ್ಯೆಯಲ್ಲಿ ನಾವೇ ಹೆಚ್ಚು, ಆದರೆ ಮತದಾರರ ಪಟ್ಟಿಯಲ್ಲಿಲ್ಲ. ನಿಮ್ಮ ವಿದ್ಯಾರ್ಥಿಗಳನ್ನು ಅದಕ್ಕೆ ಕರೆತನ್ನಿ.

ನನಗೆ ಇಡೀ ಚಳವಳಿಯಲ್ಲಿ ಅತ್ಯಂತ ಮುಖ್ಯವಾದ ತಿರುವು ಇದು. ಊಟದ ಕಟ್ಟೆ ವಿದ್ಯಾರ್ಥಿಗಳದೇ ಅವಮಾನ, ವಿದ್ಯಾರ್ಥಿಗಳದೇ ಸಿಟ್ಟು. ಮತದಾರರ ಪಟ್ಟಿ ಅವರಪ್ಪ ಅಜ್ಜಂದಿರ ವಿಷಯ. ಹತ್ತಿ ಹೊಲದಲ್ಲಿ ಬಗ್ಗಿದವರ ವಿಷಯ. ಹರೆಯದವರು ತಮಗೆ ಸಹಜವಾಗಿ ಹೊಳೆದ ಹೋರಾಟವನ್ನು ಅಷ್ಟಕ್ಕೆ ಬಿಟ್ಟು, ಹಳ್ಳಿಯ ಮುದುಕರೊಬ್ಬರು ಹೇಳಿದ ನಿಧಾನದ, ಮೈಮುರಿಯುವ, ಫೋಟೋ ಬೀಳದ ಕೆಲಸಕ್ಕೆ ಒಪ್ಪಿಕೊಂಡರು. ಸುಲಭಕ್ಕೆ ಒಪ್ಪಿಕೊಂಡರು ಎನ್ನುವಂತಿಲ್ಲ. 1961ರ ಆಗಸ್ಟಿನ ಒಂದು ಸಭೆಯಲ್ಲಿ ಸ್ನಿಕ್ ಒಡೆದೇಹೋಗುವಂತಿತ್ತು. ಬೀದಿಗಿಳಿಯಬೇಕು ಎನ್ನುವವರಿಗೆ ಮತದಾರರ ನೋಂದಣಿ ಸರ್ಕಾರ ಹೆಣೆದ ಬಲೆಯಂತೆ ಕಂಡಿತು. ಹುಡುಗರನ್ನು ತಣ್ಣಗಾಗಿಸುವ ಉಪಾಯವೆಂಬ ಗುಮಾನಿ. ಕಡೆಗೆ ಬೇಕರ್ ಎರಡೂ ಇರಲಿ ಎಂದರು. ಒಂದು ವಿಭಾಗಕ್ಕೆ ಡಯಾನ್ ನ್ಯಾಶ್, ಇನ್ನೊಂದಕ್ಕೆ ಚಾರ್ಲ್ಸ್ ಜೋನ್ಸ್. ಮಿಸಿಸಿಪ್ಪಿ ತಲುಪಿದ ಮೇಲೆ ಆ ಜಗಳಕ್ಕೆ ಅರ್ಥವೇ ಉಳಿಯಲಿಲ್ಲ. ಅಲ್ಲಿ ಕಪ್ಪು ಮನುಷ್ಯನೊಬ್ಬ ನೋಂದಣಿ ಕಚೇರಿಯ ಮೆಟ್ಟಿಲು ಹತ್ತುವುದೇ ಬೀದಿಗಿಳಿದಷ್ಟು ಅಪಾಯದ ಕೆಲಸ.

ಮೆಕೋಮ್‌ಗೆ ಮೋಸೆಸ್‌ನನ್ನು ಕರೆಸಿದವರು ಸಿ.ಸಿ. ಬ್ರಯಂಟ್, ರೈಲ್ವೆ ಕೆಲಸಗಾರ. ಆಗಸ್ಟ್ 7ರಂದು ಊರಿನ ಮೇಸನಿಕ್ ಹಾಲಿನ ಮಹಡಿಯಲ್ಲಿ ಮೊದಲ ಮತದಾರರ ತರಗತಿ ನಡೆಯಿತು. ಹಾಲಿಸ್ ವಾಟ್ಕಿನ್ಸ್ ಮತ್ತು ಕರ್ಟಿಸ್ ಹೇಯ್ಸ್ ಎಂಬ ಇಪ್ಪತ್ತು ತುಂಬಿದ ಅಥವಾ ತುಂಬುವ ಹೊತ್ತಿನ ಗೆಳೆಯರಿಬ್ಬರು, ಊರಿಗೆ ಮಾರ್ಟಿನ್ ಲೂಥರ್ ಕಿಂಗ್ ಬಂದಿದ್ದಾರಂತೆ ಎಂಬ ಗಾಳಿಸುದ್ದಿ ಕೇಳಿ ನೋಡಲು ಹೋದರು. ಕಿಂಗ್ ಇರಲಿಲ್ಲ. ಮೆಲುದನಿಯ ಮೋಸೆಸ್ ಇದ್ದ. ಅವನು ಭಾಷಣ ಮಾಡಲಿಲ್ಲ, ಆ ಇಪ್ಪತ್ತೊಂದು ಪ್ರಶ್ನೆಗಳ ಅರ್ಜಿಯನ್ನು ಕೈಗೆ ಕೊಟ್ಟು ತುಂಬಿ ನೋಡಿ ಎಂದ. ಅವರು ತುಂಬಿದರು. ಹಾಗಾದರೆ ಬೇರೆಯವರಿಗೂ ಹೇಳಿಕೊಡಿ ಎಂದ. ಇಬ್ಬರೂ ಉಳಿದುಕೊಂಡರು. ನಾಯಕನನ್ನು ನೋಡಲು ಬಂದವರ ಕೈಗೆ ಕೆಲಸ ಬಂದ ಈ ಪುಟ್ಟ ಪ್ರಸಂಗವನ್ನು ನಾನು ತರಗತಿಯಲ್ಲಿ ಹೇಳದೆ ಬಿಟ್ಟದ್ದಿಲ್ಲ.

ತರಗತಿ ಶುರುವಾದ ಮೊದಲ ವಾರಗಳಲ್ಲಿ ಕೆಲವರು ನೋಂದಣಿ ಕಚೇರಿಗೆ ಹೋದರು, ಅವರಲ್ಲೂ ಕೆಲವರಷ್ಟೇ ಪಾಸಾದರು. ಅಷ್ಟಕ್ಕೇ ಪಕ್ಕದ ಕೌಂಟಿಗಳಿಂದ ರೈತರು ಬಂದು, ನಮ್ಮಲ್ಲಿಗೂ ಬನ್ನಿ ಎಂದರು. ಆಮಿಟ್, ವಾಲ್ಟ್‌ಹಾಲ್ ಎಂಬ ಆ ಕೌಂಟಿಗಳಲ್ಲಿ ಪಟ್ಟಿಯಲ್ಲಿದ್ದ ಕಪ್ಪು ಮತದಾರರು ಇಲ್ಲವೆನ್ನುವಷ್ಟು ಕಡಿಮೆ. ಹೊಡೆತಗಳು ಬಿದ್ದದ್ದೂ ಅಲ್ಲೇ. ಆಮಿಟ್‌ನ ಲಿಬರ್ಟಿ ಪಟ್ಟಣದಲ್ಲಿ (ಊರಿನ ಹೆಸರು ನಿಜವಾಗಿ ಇದೇ, ಸ್ವಾತಂತ್ರ್ಯ) ಇಬ್ಬರನ್ನು ನೋಂದಣಿಗೆ ಕರೆದೊಯ್ಯುತ್ತಿದ್ದ ಮೋಸೆಸ್‌ಗೆ ನಡುಬೀದಿಯಲ್ಲಿ ತಲೆ ಒಡೆಯುವಂತೆ ಹೊಡೆದರು. ರಕ್ತ ಒರೆಸಿಕೊಂಡು ಅವನು ಕಚೇರಿಗೆ ಹೋದ. ಹೊಡೆದ ಬಿಳಿಯನ ಮೇಲೆ ದೂರನ್ನೂ ಕೊಟ್ಟ. ಕಪ್ಪು ಮನುಷ್ಯನೊಬ್ಬ ಬಿಳಿಯನ ಮೇಲೆ ಹಾಗೆ ದೂರು ಕೊಡುವುದು ಅಲ್ಲಿ ಕೇಳರಿಯದ ಸಂಗತಿ. ಆರೋಪಿ ಬಿಡುಗಡೆಯಾದ, ಅದು ಬೇರೆ ಮಾತು. ವಾಲ್ಟ್‌ಹಾಲ್‌ನಲ್ಲಿ ಜಾನ್ ಹಾರ್ಡಿ ಎಂಬ ಕಾರ್ಯಕರ್ತನ ತಲೆಗೆ ಸ್ವತಃ ನೋಂದಣಿ ಅಧಿಕಾರಿಯೇ ಪಿಸ್ತೂಲಿನಿಂದ ಹೊಡೆದ. ಶಾಂತಿಭಂಗದ ಆರೋಪದಲ್ಲಿ ಬಂಧನವಾದದ್ದು ಪೆಟ್ಟು ತಿಂದ ಹಾರ್ಡಿಗೆ.

ಇನ್ನು ಹರ್ಬರ್ಟ್ ಲೀ. ಆಮಿಟ್ ಕೌಂಟಿಯ ರೈತ, ಒಂಬತ್ತು ಮಕ್ಕಳ ತಂದೆ. ಸ್ವಂತ ಜಮೀನಿತ್ತು. ಈ ವಿವರ ಮುಖ್ಯ. ಗೇಣಿದಾರರಾಗಿದ್ದವರು ನೋಂದಣಿಗೆ ಹೋದ ದಿನವೇ ಒಕ್ಕಲೆಬ್ಬಿಸಿಕೊಳ್ಳುವ ಭಯ ಇತ್ತು, ಹಾಗಾಗಿ ವಿದ್ಯಾರ್ಥಿಗಳ ಜೊತೆ ನಿಲ್ಲಲು ಸಾಧ್ಯವಾದದ್ದು ಲೀ ಮತ್ತು ಅವರ ನೆರೆಯ ಸ್ಟೆಪ್ಟೋ ಅವರಂಥ ಸ್ವಂತ ನೆಲದವರಿಗೆ. ಲೀ ಸಭೆಗಳಿಗೆ ಬರುತ್ತಿದ್ದರು, ಮೋಸೆಸ್‌ನನ್ನು ತಮ್ಮ ಗಾಡಿಯಲ್ಲಿ ಹಳ್ಳಿಯಿಂದ ಹಳ್ಳಿಗೆ ಕರೆದೊಯ್ಯುತ್ತಿದ್ದರು. 1961ರ ಸೆಪ್ಟೆಂಬರ್ 25ರ ಬೆಳಿಗ್ಗೆ ಲಿಬರ್ಟಿಯ ಹತ್ತಿ ಜಿನ್ನಿನ ಮುಂದೆ ಇ.ಎಚ್. ಹರ್ಸ್ಟ್ ಅವರನ್ನು ಗುಂಡಿಟ್ಟು ಕೊಂದ. ಹರ್ಸ್ಟ್ ರಾಜ್ಯದ ಶಾಸಕ. ಆತ್ಮರಕ್ಷಣೆಗೆ ಹೊಡೆದೆ ಎಂದ, ವಿಚಾರಣಾ ಮಂಡಲಿ ಒಪ್ಪಿಕೊಂಡಿತು, ಪ್ರಕರಣ ಮುಗಿಯಿತು. ಕಣ್ಣಾರೆ ಕಂಡ ಕಪ್ಪು ಸಾಕ್ಷಿ ಲೂಯಿಸ್ ಆಲೆನ್ ಬೆದರಿಕೆಗೆ ಮಣಿದು ಮೊದಲು ಅದನ್ನೇ ಹೇಳಿದ್ದರು. ಆಮೇಲೆ ಮೋಸೆಸ್ ಬಳಿ ನಿಜ ಹೇಳಿದರು. ನಿಜ ಹೇಳಿದರೆ ರಕ್ಷಣೆ ಸಿಗುತ್ತದೆಯೇ ಎಂದು ಕೇಳಿದರು. ಸಿಗಲಿಲ್ಲ. 1964ರ ಜನವರಿ 31ರ ರಾತ್ರಿ, ಊರು ಬಿಟ್ಟು ಹೊರಡುವ ಸಿದ್ಧತೆಯಲ್ಲಿದ್ದಾಗ, ಮನೆಯ ಗೇಟಿನ ಬಳಿಯೇ ಅವರನ್ನೂ ಗುಂಡಿಟ್ಟು ಕೊಂದರು.

ಲೀ ಅಂತ್ಯಕ್ರಿಯೆಯಲ್ಲಿ ಅವರ ಹೆಂಡತಿ ಮೋಸೆಸ್ ಮತ್ತು ಅವನ ಜೊತೆಗಾರನ ಮುಂದೆ ಬಂದು ನಿಂತು, ನನ್ನ ಗಂಡನನ್ನು ಕೊಂದವರು ನೀವು ಎಂದರು. ಯುವಕರ ಹೋರಾಟಗಳ ಕುರಿತು ಬರೆಯುವವರು ಈ ಮಾತನ್ನು ಹಾರಿಸಿಕೊಂಡು ಹೋಗುವುದುಂಟು. ಅದು ನ್ಯಾಯವಲ್ಲ ಎಂದು ನನ್ನ ಎಣಿಕೆ. ಗುಂಡು ಹಾರಿಸಿದವನು ಶಾಸಕ, ಅದರಲ್ಲಿ ಸಂದೇಹವಿಲ್ಲ. ಆದರೆ ಹೊರಗಿನಿಂದ ಬಂದ ಹುಡುಗರಿಗೆ ಹಿಂತಿರುಗುವ ಊರೊಂದಿತ್ತು, ಆ ಹೆಂಗಸಿಗೆ ಇದ್ದದ್ದು ಅದೇ ನೆಲ ಮತ್ತು ಒಂಬತ್ತು ಮಕ್ಕಳು. ಮೋಸೆಸ್ ಈ ಭಾರವನ್ನು ಕೆಳಗಿಳಿಸಿದವನಲ್ಲ. ಲೀ ಮತ್ತು ಆಲೆನ್ ಹೆಸರುಗಳನ್ನು ಅವನು ಕೊನೆಯವರೆಗೂ ಹೇಳುತ್ತಲೇ ಇದ್ದ. ಆಲೆನ್ ಕೊಲೆಯ ಸುದ್ದಿ ಬಂದ ಮೇಲೆಯೇ, ಉತ್ತರದ ರಾಜ್ಯಗಳಿಂದ ವಿದ್ಯಾರ್ಥಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಿಸಿಸಿಪ್ಪಿಗೆ ಕರೆಸುವ ಯೋಜನೆಯ ಪರವಾಗಿ ಅವನು ಗಟ್ಟಿಯಾಗಿ ನಿಂತದ್ದು.

ಮತ್ತೆ ಮೆಕೋಮ್‌ನ ಮಕ್ಕಳಿಗೆ ಬರೋಣ. ಆಗಸ್ಟ್ 26ರಂದು ವಾಟ್ಕಿನ್ಸ್ ಮತ್ತು ಹೇಯ್ಸ್ ಊರಿನ ವುಲ್‌ವರ್ತ್ ಅಂಗಡಿಯ ಊಟದ ಕಟ್ಟೆಯಲ್ಲಿ ಕೂತು ಜೈಲಿಗೆ ಹೋದರು. ನಾಲ್ಕು ದಿನಗಳ ನಂತರ ಬಸ್ ನಿಲ್ದಾಣದ ಊಟದ ಕಟ್ಟೆಯಲ್ಲಿ ಇನ್ನೂ ಮೂವರು ಕೂತರು. ಅವರಲ್ಲಿ ಒಬ್ಬಳು ಬ್ರೆಂಡಾ ಟ್ರಾವಿಸ್, ಬರ್ಗ್‌ಲಂಡ್ ಹೈಸ್ಕೂಲಿನ ವಿದ್ಯಾರ್ಥಿನಿ. ಸುಮಾರು ಒಂದು ತಿಂಗಳು ಜೈಲಿನಲ್ಲಿದ್ದು ಶಾಲೆಗೆ ಮರಳಿದಾಗ ಹೆಡ್‌ಮಾಸ್ಟರು ಸೇರಿಸಿಕೊಳ್ಳಲಿಲ್ಲ. ಬರ್ಗ್‌ಲಂಡ್ ಕಪ್ಪು ಮಕ್ಕಳ ಶಾಲೆ, ಹೆಡ್‌ಮಾಸ್ಟರೂ ಕಪ್ಪು ಜನಾಂಗದವರೇ. ಆದರೆ ಅವರ ಕೆಲಸ ಬಿಳಿಯರ ಶಾಲಾ ಮಂಡಲಿಯ ಕೈಯಲ್ಲಿತ್ತು.

ಅಕ್ಟೋಬರ್ 4ರಂದು ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು ತರಗತಿಯಿಂದ ಎದ್ದು ಹೊರಟರು. ಮನಸ್ಸಿನಲ್ಲಿ ಎರಡು ಸಂಗತಿಗಳಿದ್ದವು: ಟ್ರಾವಿಸ್‌ಳನ್ನು ಹೊರಗಿಟ್ಟದ್ದು, ಹರ್ಬರ್ಟ್ ಲೀ ಕೊಲೆ. ಇದು ಸ್ನಿಕ್ ಹಾಕಿಕೊಟ್ಟ ಕಾರ್ಯಕ್ರಮ ಆಗಿರಲಿಲ್ಲ. ಮಕ್ಕಳು ಹೊರಟೇಬಿಟ್ಟಾಗ ಮೋಸೆಸ್ ಮತ್ತು ಜೊತೆಗಾರರು ಅವರನ್ನು ಬಿಟ್ಟುಕೊಡಲಾಗದೆ ಜೊತೆಗೆ ನಡೆದರು. ಮೆರವಣಿಗೆ ಪುರಭವನ ತಲುಪಿತು. ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಪ್ರಾರ್ಥನೆಗೆ ನಿಂತರು, ಒಬ್ಬೊಬ್ಬರಾಗಿ ಬಂಧನಕ್ಕೊಳಗಾದರು. ಜೊತೆಯಲ್ಲಿದ್ದ ಒಬ್ಬನೇ ಬಿಳಿಯ ಕಾರ್ಯಕರ್ತ ಬಾಬ್ ಜೆಲ್ನರ್ ಮೇಲೆ ಪೊಲೀಸರ ಕಣ್ಣೆದುರೇ ಗುಂಪು ಬಿದ್ದು ಕಣ್ಣು ಕೀಳುವಂತೆ ಹೊಡೆಯಿತು. ಚಿಕ್ಕ ಮಕ್ಕಳನ್ನು ಆಮೇಲೆ ಬಿಟ್ಟರು. ಟ್ರಾವಿಸ್‌ಳನ್ನು ಬಿಡಲಿಲ್ಲ, ಸುಧಾರಣಾ ಶಾಲೆಗೆ ಕಳಿಸಿದರು. ತಿಂಗಳುಗಳ ನಂತರ ಹೊರಬಂದಾಗ ಅವಳು ರಾಜ್ಯವನ್ನೇ ಬಿಡಬೇಕಾಯಿತು. ಮೋಸೆಸ್ ಮತ್ತಿತರರ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು, ಅಪ್ರಾಪ್ತ ವಯಸ್ಸಿನವರನ್ನು ದಾರಿ ತಪ್ಪಿಸಿದ್ದು. ಮಕ್ಕಳ ಹಿಂದೆ ನಡೆದವರ ಮೇಲೆ ಮಕ್ಕಳನ್ನು ನಡೆಸಿದ ಆರೋಪ! ಅವರು ಕೆಲವು ವಾರಗಳನ್ನು ಮ್ಯಾಗ್ನೋಲಿಯಾ ಊರಿನ ಜೈಲಿನಲ್ಲಿ ಕಳೆದರು.

ಆಮೇಲೆ ಒಂದು ಚೀಟಿಯ ಕತೆ. ಇನ್ನು ಮುಂದೆ ಪ್ರತಿಭಟನೆಗಳಲ್ಲಿ ಸೇರುವುದಿಲ್ಲ ಎಂದು ಸಹಿ ಹಾಕಿದವರನ್ನಷ್ಟೇ ಶಾಲೆಗೆ ಸೇರಿಸುತ್ತೇವೆ ಎಂದು ಶಾಲೆ ಹೇಳಿತು. ಅನೇಕರು ಸಹಿ ಹಾಕಲಿಲ್ಲ. ದಿನಾ ಶಾಲೆಗೆ ಬರುವುದು, ಸಹಿ ಎಲ್ಲಿ ಎಂದು ಕೇಳಿದಾಗ ಎದ್ದು ಹೊರಬರುವುದು, ಹೀಗೆ ಕೆಲವು ದಿನ ನಡೆಯಿತು. ಅಕ್ಟೋಬರ್ 16ರ ಗಡುವಿಗೆ ಅವರು ಪುಸ್ತಕ ಹಿಂತಿರುಗಿಸಿ ಶಾಲೆ ಬಿಟ್ಟರು. ಆಗ ಸ್ನಿಕ್‌ನವರು ಮೇಸನಿಕ್ ಹಾಲಿನ ಮಹಡಿಯಲ್ಲೇ ಒಂದು ಶಾಲೆ ತೆರೆದರು. ಅದರ ಹೆಸರು ‘ಅಹಿಂಸಾ ಹೈಸ್ಕೂಲು’. ಮೋಸೆಸ್ ಗಣಿತ ಹೇಳಿಕೊಟ್ಟ, ಚಾರ್ಲ್ಸ್ ಮೆಕ್‌ಡ್ಯೂ ಇತಿಹಾಸ, ಡಿಯಾನ್ ಡೈಮಂಡ್ ವಿಜ್ಞಾನ. ಮೇಷ್ಟರುಗಳೆಲ್ಲ ಜೈಲಿಗೆ ಹೋಗುವ ಹೊತ್ತಿಗೆ ರಾಜ್ಯದ ರಾಜಧಾನಿ ಜಾಕ್ಸನ್‌ನ ಕ್ಯಾಂಪ್‌ಬೆಲ್ ಕಾಲೇಜು ಈ ಮಕ್ಕಳನ್ನು ಸೇರಿಸಿಕೊಳ್ಳಲು ಮುಂದೆ ಬಂತು.

ಊರಿನ ಹಿರಿಯರಿಗೆ ಇದೆಲ್ಲ ಸಂತೋಷ ತಂದಿತೆಂದು ಭಾವಿಸಬಾರದು. ಮತದಾರರ ನೋಂದಣಿಗೆ ಕರೆಸಿದರೆ ಮಕ್ಕಳನ್ನು ಜೈಲಿಗೆ ಕಳಿಸಿದಿರಲ್ಲ ಎಂದು ತಂದೆತಾಯಿ ಸಿಟ್ಟಾದರು. ನೋಂದಣಿ ಕೆಲಸ ನಿಂತುಹೋಯಿತು. ಲೆಕ್ಕ ಹಾಕಿದರೆ ವರ್ಷದ ಕೊನೆಗೆ ಕೈಗೆ ಬಂದದ್ದು ಬೆರಳೆಣಿಕೆಯ ಹೊಸ ಮತದಾರರು, ಒಂದು ಹೆಣ, ಶಾಲೆ ಕಳೆದುಕೊಂಡ ಮಕ್ಕಳು. ಸ್ನಿಕ್ ಊರು ಬಿಟ್ಟಿತು. ಹದಿನಾರರ ಹುಡುಗಿ ಜೈಲಿಗೆ ಹೋಗುವುದನ್ನು ದೊಡ್ಡವರು ತಡೆಯಬೇಕಿತ್ತೇ ಎಂದು ನನ್ನ ವಿದ್ಯಾರ್ಥಿಗಳು ವಾದಿಸುತ್ತಾರೆ. ಹುಡುಗರು ಸಾಮಾನ್ಯವಾಗಿ ಬೇಡವಿತ್ತು ಎನ್ನುತ್ತಾರೆ, ಹುಡುಗಿಯರು ತಡೆಯಲು ನೀವ್ಯಾರು ಎನ್ನುತ್ತಾರೆ. ಇದು ನನಗೆ ಪ್ರತಿವರ್ಷದ ಸೋಜಿಗ. ನನ್ನ ನಿಲುವು ಇಷ್ಟು: ಅವಳನ್ನು ಮುಂದೆ ತಳ್ಳಿದ್ದರೆ ಅದು ಅಪರಾಧ. ಯಾರೂ ತಳ್ಳಿರಲಿಲ್ಲ. ಅವಳು ನಡೆದ ಮೇಲೆ ಅವಳೊಬ್ಬಳನ್ನೇ ಬಿಟ್ಟಿದ್ದರೆ ಅದು ಇನ್ನೂ ದೊಡ್ಡ ಅಪರಾಧವಾಗುತ್ತಿತ್ತು.

ಸೋಲಿನಂತೆ ಕಂಡ ಆ ಐದು ತಿಂಗಳಿಂದ ಉಳಿದದ್ದು ಜನ. ವಾಟ್ಕಿನ್ಸ್ ಮತ್ತು ಹೇಯ್ಸ್ 1962ರಲ್ಲಿ ಹ್ಯಾಟಿಸ್‌ಬರ್ಗ್ ಎಂಬ ಇನ್ನೊಂದು ಊರಿಗೆ ಹೋಗಿ ಅದೇ ಅರ್ಜಿ ಹಿಡಿದು ಕೆಲಸ ಶುರುಮಾಡಿದರು. ಕಪ್ಪು ಜನರಿಗೆ ಮತ ಬೇಕಿಲ್ಲ ಎಂಬ ಬಿಳಿಯರ ವಾದಕ್ಕೆ ಉತ್ತರವಾಗಿ 1963ರ ನವೆಂಬರ್‌ನಲ್ಲಿ ಚಳವಳಿಗಾರರು ತಾವೇ ಒಂದು ಅಣಕು ಚುನಾವಣೆ ನಡೆಸಿದರು. ಚರ್ಚುಗಳಲ್ಲಿ, ಕ್ಷೌರದಂಗಡಿಗಳಲ್ಲಿ ಇಟ್ಟ ಪೆಟ್ಟಿಗೆಗಳಿಗೆ ಸುಮಾರು 80,000 ಜನ ಮತ ಹಾಕಿದರು. ಮರುವರ್ಷದ ಬೇಸಿಗೆಗೆ ಉತ್ತರದಿಂದ ಸಾವಿರದಷ್ಟು ಸ್ವಯಂಸೇವಕರು ಬಂದರು, ಹೆಚ್ಚಿನವರು ಬಿಳಿಯ ವಿದ್ಯಾರ್ಥಿಗಳು. ಈ ಯೋಜನೆಯನ್ನು ವಾಟ್ಕಿನ್ಸ್ ವಿರೋಧಿಸಿದ್ದ. ಟೈಪು ಮಾಡಲು, ಲೆಕ್ಕ ಬರೆಯಲು ಈಗಷ್ಟೇ ಕಲಿಯುತ್ತಿದ್ದ ಊರಿನ ಹುಡುಗರ ಕೈಯಿಂದ ಕಾಲೇಜು ಓದಿದವರು ಕೆಲಸ ಕಿತ್ತುಕೊಳ್ಳುತ್ತಾರೆ ಎಂಬುದು ವಿರೋಧಿಸಿದವರ ಅಳಲು. ಆ ಮಾತಿನಲ್ಲಿ ಹುರುಳಿತ್ತು. ಇತ್ತ ಜೂನ್ 21ರಂದು ಚೇನಿ, ಗುಡ್‌ಮನ್, ಶ್ವೆರ್ನರ್ ಎಂಬ ಮೂವರು ಕಾರ್ಯಕರ್ತರು ಕೊಲೆಯಾದಾಗ ದೇಶವೇ ಎದ್ದು ಕೂತಿತು. ಸತ್ತವರಲ್ಲಿ ಇಬ್ಬರು ಬಿಳಿಯರು. ಲೀ ಸತ್ತಾಗ ದೇಶ ಮಲಗಿತ್ತು.

ಆ ಬೇಸಿಗೆಯ ಕೆಲಸಗಳಲ್ಲಿ ನನಗೆ ಹತ್ತಿರವಾದದ್ದು ಸ್ವಾತಂತ್ರ್ಯ ಶಾಲೆಗಳು. ಚಾರ್ಲಿ ಕಾಬ್ ಎಂಬ ಸ್ನಿಕ್ ಕಾರ್ಯಕರ್ತನ ಕಲ್ಪನೆ ಅದು. ರಾಜ್ಯದಾದ್ಯಂತ 41 ಶಾಲೆಗಳು, ಎರಡು ಸಾವಿರಕ್ಕೂ ಹೆಚ್ಚು ಮಕ್ಕಳು. ಮೆಕೋಮ್‌ನಲ್ಲಿ ಕಾರ್ಯಕರ್ತರ ಮನೆಗೆ ಬಾಂಬು ಬಿದ್ದಿತ್ತು. ಯಾವ ಚರ್ಚೂ ಶಾಲೆಗೆ ಜಾಗ ಕೊಡಲು ಹೆದರುತ್ತಿತ್ತು, ತರಗತಿಗಳು ಅಂಗಳದಲ್ಲೇ ನಡೆದವು. ಆ ಶಾಲೆಯ ಹದಿನಾರರ ಹುಡುಗಿಯೊಬ್ಬಳು, ಬಾಗಿಲು ತೆರೆಯದ ಊರವರನ್ನು ಕೇಳುವಂತೆ ಒಂದು ಪದ್ಯ ಬರೆದಳು. ಅದನ್ನು ಕೇಳಿದ ಮೇಲೆ ಹಿರಿಯರಿಗೆ ಸುಮ್ಮನಿರಲಾಗಲಿಲ್ಲ, ಶಾಲೆಗೆ ಸೂರು ಸಿಕ್ಕಿತು. ಆಗಸ್ಟ್ ಮೊದಲ ವಾರದ ಕೊನೆಗೆ ಮೆರಿಡಿಯನ್ ಊರಿನಲ್ಲಿ ಈ ಶಾಲೆಗಳ ಮಕ್ಕಳ ಪ್ರತಿನಿಧಿಗಳು ಸೇರಿ, ವಸತಿ, ಆರೋಗ್ಯ, ಉದ್ಯೋಗ, ಶಿಕ್ಷಣ, ವಿದೇಶಾಂಗ ನೀತಿ ಎಂದು ವಿಷಯವಾರು ಸಮಿತಿಗಳಾಗಿ ಕೂತು ಚರ್ಚಿಸಿ ಒಂದು ಪ್ರಣಾಳಿಕೆಯನ್ನೇ ಬರೆದರು. ಆ ಘೋಷಣೆಗಳನ್ನು ಬರೆದವರು ಯಾರು ಎಂದು ಯಾರೂ ಕೇಳಬೇಕಿರಲಿಲ್ಲ.

ಮುಂದಿನದು ಬಹಳ ಜನಕ್ಕೆ ಗೊತ್ತು. ಬಿಳಿಯರ ಹಿಡಿತದ ಡೆಮಾಕ್ರಟಿಕ್ ಪಕ್ಷದ ಎದುರು ಕಟ್ಟಿದ ಹೊಸ ಪಕ್ಷದ ಪ್ರತಿನಿಧಿಗಳು ಅಟ್ಲಾಂಟಿಕ್ ಸಿಟಿಯ ಮಹಾಧಿವೇಶನಕ್ಕೆ ಹೋದರು. ಫ್ಯಾನಿ ಲೂ ಹೇಮರ್ ಟೀವಿಯ ಮುಂದೆ ಸಾಕ್ಷ್ಯ ಹೇಳಿದರು. ಎರಡು ಸೀಟು ಕೊಡುತ್ತೇವೆ ಎಂದರೆ ಬೇಡವೆಂದು ಬಂದರು. 1965ರ ಆಗಸ್ಟ್ 6ರಂದು ಮತದಾನ ಹಕ್ಕು ಕಾಯ್ದೆಗೆ ಸಹಿ ಬಿದ್ದು ಆ ಇಪ್ಪತ್ತೊಂದು ಪ್ರಶ್ನೆಗಳು ಕಸದ ಬುಟ್ಟಿ ಸೇರಿದವು. ಕಾಯ್ದೆಗೆ ಮುಂಚೆ ಮಿಸಿಸಿಪ್ಪಿಯ ವಯಸ್ಕ ಕಪ್ಪು ಜನರಲ್ಲಿ ಪಟ್ಟಿಯಲ್ಲಿದ್ದವರು ಶೇಕಡಾ 6.7, 1967ರ ಹೊತ್ತಿಗೆ ಶೇಕಡಾ 59.8. ಸ್ನಿಕ್ ಅದಾಗಲೇ ಒಳಜಗಳಗಳಲ್ಲಿ ಸೊರಗುತ್ತಿತ್ತು, ದಶಕ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಇಲ್ಲವಾಯಿತು. ಹದಿನೆಂಟಕ್ಕೆ ಮತದ ಹಕ್ಕು ಅಮೆರಿಕದಲ್ಲಿ ದೇಶಕ್ಕೆಲ್ಲ ಬಂದದ್ದು 1971ರಲ್ಲಿ, ನಮಗೆ 1989ರಲ್ಲಿ.

ಮೋಸೆಸ್ 1982ರ ಹೊತ್ತಿಗೆ ಮತ್ತೆ ಗಣಿತಕ್ಕೆ ಮರಳಿದ. ಬಡ ಮಕ್ಕಳಿಗೆ ಬೀಜಗಣಿತ ಕಲಿಸುವ ಒಂದು ಯೋಜನೆ ಕಟ್ಟಿದ. ಮತದ ಹಕ್ಕಿಲ್ಲದೆ ಅಂದು ಹೇಗೋ, ಗಣಿತ ಬಾರದೆ ಇಂದು ಹಾಗೆ ಎಂಬುದು ಅವನ ವಾದ. 2021ರಲ್ಲಿ ತೀರಿಕೊಂಡ. ಮೆಕೋಮ್‌ನಲ್ಲಿ, ಅಂದು ಚೀಟಿಗೆ ಸಹಿ ಹಾಕದೆ ಶಾಲೆ ಬಿಟ್ಟ ವಿದ್ಯಾರ್ಥಿಗಳನ್ನು 2006ರಲ್ಲಿ ಕರೆಸಿ ಗೌರವ ಡಿಪ್ಲೊಮಾ ಕೊಟ್ಟರು. ಬ್ರೆಂಡಾ ಟ್ರಾವಿಸ್ ಕೂಡ ಪಡೆದರು. ಆಗ ಅವರೆಲ್ಲ ಅರವತ್ತರ ಆಸುಪಾಸಿನಲ್ಲಿದ್ದರು.